ತೆಳು ತಗಡಿನ ವೆಲ್ಡಿಂಗ್: ತೂತು ಬೀಳದಂತೆ ಕಲಿಯುವ ಬಗೆ

ದಪ್ಪ ಕಬ್ಬಿಣದ ಪಟ್ಟಿಗಳ ಮೇಲೆ ಕೆಲವು ವಾರ ಕೈ ಪಳಗಿಸಿಕೊಂಡು, ಸಾಲು ನೇರವಾಗಿ ಬರತೊಡಗಿತು ಎಂಬ ಧೈರ್ಯದಿಂದ ಮೊದಲ ಬಾರಿಗೆ ತೆಳು ತಗಡಿಗೆ ಕೈಹಾಕಿದವರ ಅನುಭವ ಬಹುತೇಕ ಒಂದೇ ರೀತಿಯದು. ಆರ್ಕ್, ಅಂದರೆ ಲೋಹವನ್ನು ಕರಗಿಸುವ ವಿದ್ಯುತ್ ಜ್ವಾಲೆ, ಹೊತ್ತಿಕೊಂಡಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಇನ್ನೊಂದೆರಡು ಸೆಕೆಂಡಿನಲ್ಲಿ ತಗಡಿನ ಅಂಚು ಕರಗಿ ಹಿಂದೆ ಸರಿದು, ಅಲ್ಲೊಂದು ತೂತು ಬಾಯ್ದೆರೆದಿರುತ್ತದೆ. ಅದನ್ನು ಮುಚ್ಚಲು ಹೋದರೆ ತೂತು ಇನ್ನಷ್ಟು ಅಗಲವಾಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ. ನಾನು ಮೊದಲು ಜೋಡಿಸಿದ ಎರಡು ತಗಡುಗಳಲ್ಲಿ ಬೆಸುಗೆಗಿಂತ ತೂತೇ ಹೆಚ್ಚಿತ್ತು. ಇಡೀ ಜೋಡಣೆ ಒಣಗಿದ ಎಲೆಯಂತೆ ಸುರುಟಿಕೊಂಡಿತ್ತು.

ಇದಕ್ಕೆ ಕಾರಣ ಕೈಯ ನಡುಕಕ್ಕಿಂತ ಹೆಚ್ಚಾಗಿ ಶಾಖದ ಲೆಕ್ಕ ತಪ್ಪುವುದು. ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆರ್ಕಿನ ಉಷ್ಣತೆ ಅದಕ್ಕಿಂತ ಎಷ್ಟೋ ಹೆಚ್ಚು. 10 ಮಿ.ಮೀ. ದಪ್ಪದ ಪ್ಲೇಟಿನಲ್ಲಿ ಆ ಶಾಖ ಕೆಳಕ್ಕೂ ಸುತ್ತಲಿಗೂ ಹರಿದು ಹಂಚಿಹೋಗುವುದರಿಂದ, ಸಾಕಷ್ಟು ಕರಗಿಸುವುದೇ ಅಲ್ಲಿನ ಕಷ್ಟ. 1 ಮಿ.ಮೀ. ತಗಡಿನಲ್ಲಿ ಶಾಖಕ್ಕೆ ಕೆಳಗೆ ಹೋಗಲು ಜಾಗವೇ ಇಲ್ಲ. ಅಕ್ಕಪಕ್ಕಕ್ಕೆ ಹರಿಯಬೇಕೆಂದರೂ ಆ ದಾರಿ ಬಹಳ ಕಿರಿದು. ಹೀಗಾಗಿ ತೆಳು ತಗಡಿನ ಕೆಲಸದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹೆಚ್ಚಾದ ಶಾಖ ಎಲ್ಲಿಗೆ ಹೋಗಬೇಕು? ಮಷೀನಿನ ಕರೆಂಟು ತಗ್ಗಿಸುವುದು ಇದರ ಉತ್ತರದ ಒಂದು ಭಾಗ ಮಾತ್ರ. ಅಂಚುಗಳನ್ನು ಸಂದಿಲ್ಲದೆ ಕೂಡಿಸುವುದು, ಅಲ್ಲಲ್ಲಿ ಟ್ಯಾಕ್ (ತಗಡು ಅಲುಗದಂತೆ ಹಿಡಿದಿಡುವ ಪುಟ್ಟ ಬೆಸುಗೆ) ಹಾಕುವುದು, ಹಿಂಬದಿಗೆ ತಾಮ್ರ ಕೊಡುವುದು, ನಡುನಡುವೆ ಕೈ ಕಟ್ಟಿಕೊಂಡು ಕಾಯುವುದು, ಇವೆಲ್ಲ ಸೇರಿದರೆ ಉತ್ತರ ಪೂರ್ಣವಾಗುತ್ತದೆ.

ಮೊದಲು ತಗಡಿನ ದಪ್ಪವನ್ನು ತಿಳಿದುಕೊಳ್ಳಬೇಕು. ಸಾಮಾನ್ಯವಾಗಿ 3 ಮಿ.ಮೀ.ಗಿಂತ ಕಡಿಮೆ ದಪ್ಪದ್ದನ್ನು ತೆಳು ಎನ್ನುತ್ತಾರೆ; ನಿಜವಾದ ಕಷ್ಟ ಶುರುವಾಗುವುದು 1.5 ಮಿ.ಮೀ.ಗಿಂತ ಕೆಳಗೆ. ತಗಡನ್ನು ಗೇಜಿನ ಲೆಕ್ಕದಲ್ಲಿ ಹೇಳುವಾಗ ಅಂಕಿ ಏರಿದಷ್ಟೂ ದಪ್ಪ ಇಳಿಯುತ್ತದೆ ಎಂಬುದನ್ನು ಮರೆಯಬಾರದು: ಉಕ್ಕಿನ ತಗಡಿನಲ್ಲಿ 16 ಗೇಜ್ ಎಂದರೆ ಸುಮಾರು 1.5 ಮಿ.ಮೀ., 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಎಂದರೆ ಸುಮಾರು 0.9 ಮಿ.ಮೀ. ಸತು ಲೇಪಿಸಿದ ತಗಡಿಗೂ ಸ್ಟೇನ್‌ಲೆಸ್ ತಗಡಿಗೂ ಗೇಜಿನ ಅಳತೆ ತುಸು ಬೇರೆಯಾಗಿರುವುದರಿಂದ ವರ್ನಿಯರ್ ಕ್ಯಾಲಿಪರ್‌ನಲ್ಲಿ ಒಮ್ಮೆ ಅಳೆದು ನೋಡುವುದೇ ಲೇಸು. ಕಲಿಕೆಯನ್ನು 1.5 ಅಥವಾ 2 ಮಿ.ಮೀ. ಮೈಲ್ಡ್ ಸ್ಟೀಲ್ ತಗಡಿನಿಂದ ಆರಂಭಿಸಿ, ಅದು ಹಿಡಿತಕ್ಕೆ ಬಂದ ಮೇಲೆ 1.2ಕ್ಕೂ ಆಮೇಲೆ 0.9ಕ್ಕೂ ಇಳಿಯಬೇಕು. ಅಲ್ಯೂಮಿನಿಯಂ ಅನ್ನು ಸದ್ಯಕ್ಕೆ ಬದಿಗಿಡಿ. ಅದು 660 ಡಿಗ್ರಿಗೇ ಕರಗಿದರೂ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕಾಗುವುದರಿಂದ ಹೊಸಬರ ತಾಳ್ಮೆಯನ್ನು ಅದು ವಿನಾಕಾರಣ ಪರೀಕ್ಷಿಸುತ್ತದೆ.

ಯಾವ ಮಷೀನು?

ಗ್ಯಾಸ್ ಬಳಸುವ ಮಿಗ್ ಮಷೀನು, ಅಂದರೆ ಕರಗುವ ತಂತಿಯನ್ನು ತಾನೇ ಒದಗಿಸುತ್ತಾ ಹೋಗುವ ಮಷೀನು, ತೆಳು ತಗಡು ಕಲಿಯುವವರಿಗೆ ಎಲ್ಲಕ್ಕಿಂತ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಟ್ರಿಗರ್ ಒತ್ತಿದರೆ ಶಾಖ, ಬಿಟ್ಟರೆ ಇಲ್ಲ. ಆರ್ಕನ್ನು ಅರ್ಧ ಸೆಕೆಂಡಿಗೂ ನಿಲ್ಲಿಸಿ ಮತ್ತೆ ಹೊತ್ತಿಸಬಹುದು. ಇದಕ್ಕೆ 0.6 ಅಥವಾ 0.8 ಮಿ.ಮೀ.ನ ಘನ ತಂತಿ ಹಾಕಬೇಕು. ಮೈಲ್ಡ್ ಸ್ಟೀಲಿಗೆ ಇಆರ್ 70ಎಸ್-6 ಎಂಬ ಗುರುತಿನ ತಂತಿ ಸರಿಹೊಂದುತ್ತದೆ. ದಪ್ಪ ತಂತಿಯನ್ನು ಕರಗಿಸಲು ಹೆಚ್ಚು ಕರೆಂಟು ಬೇಕು, ಆ ಕರೆಂಟೇ ತಗಡಿಗೆ ಮುಳುವಾಗುತ್ತದೆ. ಗ್ಯಾಸ್ ವಿಷಯಕ್ಕೆ ಬಂದರೆ, ಸುಮಾರು 75 ರಿಂದ 80 ಭಾಗ ಆರ್ಗಾನ್ ಮತ್ತು ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಇರುವ ಮಿಶ್ರಣದಲ್ಲಿ ಆರ್ಕ್ ಮೆದುವಾಗಿರುತ್ತದೆ, ಕಿಡಿ ಸಿಡಿಯುವುದೂ ಕಡಿಮೆ. ಬರಿಯ ಕಾರ್ಬನ್ ಡೈಆಕ್ಸೈಡ್‌ನಲ್ಲೂ ಕೆಲಸ ಆಗುತ್ತದೆ. ಆದರೆ ಅದರ ಆರ್ಕ್ ಹೆಚ್ಚು ಆಳಕ್ಕೆ ಕೊರೆಯುವುದರಿಂದ ತೂತಿನ ಅಪಾಯವೂ ಅಷ್ಟೇ ಹೆಚ್ಚು. ಗ್ಯಾಸಿಲ್ಲದೆ ಫ್ಲಕ್ಸ್ (ಕರಗಿದ ಲೋಹವನ್ನು ಗಾಳಿಯಿಂದ ಕಾಯುವ ಪುಡಿ) ತುಂಬಿದ ತಂತಿಯಲ್ಲಿ ಕೆಲಸ ಮಾಡುವವರು ಟಾರ್ಚನ್ನು, ಅಂದರೆ ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಹಿಡಿಕೆಯನ್ನು, ಮಷೀನಿನ ಋಣ ತುದಿಗೆ ಸೇರಿಸಬೇಕು. ಘನ ತಂತಿಗಾದರೆ ಧನ ತುದಿಗೆ. ಈ ಅದಲುಬದಲಿನಲ್ಲಿ ತಪ್ಪಿದವರು ಎಷ್ಟೋ ದಿನ ಮಷೀನನ್ನೇ ದೂರುತ್ತಿರುತ್ತಾರೆ.

ಕರಗದ ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹೊತ್ತಿಸುವ ಟಿಗ್ ವಿಧಾನದಲ್ಲಿ ಶಾಖದ ಮೇಲಿನ ಹಿಡಿತ ಇನ್ನೂ ನಯವಾದದ್ದು, ಬೆಸುಗೆಯೂ ಅಂದವಾಗಿರುತ್ತದೆ. ಆದರೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಫಿಲ್ಲರ್ ತಂತಿ, ಜೊತೆಗೆ ಕಾಲಡಿಯಲ್ಲಿ ಪೆಡಲು ಎಂದಾಗ ಮೂರನ್ನೂ ಹೊಂದಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಕೈಯಲ್ಲಿರುವುದು ರಾಡ್ ಹಾಕುವ ಚಿಕ್ಕ ಇನ್ವರ್ಟರ್ ಮಷೀನು ಮಾತ್ರ ಎಂದಾದರೆ ನಿರಾಶರಾಗಬೇಕಾಗಿಲ್ಲ, 1.5 ಮಿ.ಮೀ. ವರೆಗೂ ಅದರಲ್ಲಿ ಕಲಿಯಬಹುದು. 2 ಮಿ.ಮೀ. ವ್ಯಾಸದ 6013 ರಾಡ್ ತೆಗೆದುಕೊಂಡು ಕರೆಂಟನ್ನು 40 ರಿಂದ 55 ಆಂಪಿಯರ್ ನಡುವೆ ಇಟ್ಟು, ಹೋಲ್ಡರನ್ನು ಋಣ ತುದಿಗೆ ಸೇರಿಸಿದರೆ ಬೆಸುಗೆ ಆಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಈ ರಾಡ್ ಮಷೀನಿನ ಋಣ, ಧನ ಎರಡರಲ್ಲಿ ಯಾವ ತುದಿಗೆ ಸೇರಿಸಿದರೂ ಉರಿಯುವಂಥದ್ದು, ಹಾಗಾಗಿ ಅದಕ್ಕೇನೂ ತೊಂದರೆಯಿಲ್ಲ. ಆರ್ಕ್ ಉದ್ದವಾದಷ್ಟೂ ಶಾಖ ಹರಡಿ ಕರಗಿದ ಲೋಹದ ಕೊಳ ಹಿಡಿತ ತಪ್ಪುವುದರಿಂದ ರಾಡಿನ ತುದಿಯನ್ನು ತಗಡಿಗೆ ಆದಷ್ಟು ಹತ್ತಿರ ಹಿಡಿಯಬೇಕು. ಒಮ್ಮೆಗೆ 10 ರಿಂದ 15 ಮಿ.ಮೀ. ಮಾತ್ರ ಎಳೆದು ನಿಲ್ಲಿಸಿ, ತಣಿದ ಮೇಲೆ ಬೆಸುಗೆಯ ಮೇಲೆ ಕಟ್ಟಿದ ಸ್ಲ್ಯಾಗ್ ಎಂಬ ಚಕ್ಕೆಯನ್ನು ಬಡಿದು ತೆಗೆದು ಮುಂದುವರಿಯಬೇಕು. ಅದಕ್ಕಿಂತ ತೆಳುವಾದ ತಗಡಿನಲ್ಲಿ ರಾಡಿನಿಂದ ಅಚ್ಚುಕಟ್ಟಾಗಿ ಮಾಡುವ ನುರಿತವರಿದ್ದಾರೆ. ಅದು ಕಲಿಕೆಯ ಮೊದಲ ಪಾಠವಲ್ಲ.

ಆರ್ಕ್ ಹೊತ್ತಿಸುವ ಮೊದಲು

ಕಡಿಮೆ ಕರೆಂಟಿನ ಕೆಲಸ, ಒಂದೇ ಒಂದು ಚುಕ್ಕೆ ಎಂದು ಬರಿಗಣ್ಣಿನಲ್ಲಿ ನೋಡುವುದು ಬೇಡ. ಆರ್ಕಿನ ಅತಿನೇರಳೆ ಕಿರಣ ತಗುಲಿದರೆ ತಕ್ಷಣ ಏನೂ ತಿಳಿಯುವುದಿಲ್ಲ. ಹಲವು ಗಂಟೆಗಳ ನಂತರ, ಸಾಮಾನ್ಯವಾಗಿ ರಾತ್ರಿ ಹೊತ್ತು, ಕಣ್ಣಿಗೆ ಮರಳು ಎರಚಿದಂತೆ ಉರಿ ಶುರುವಾಗುತ್ತದೆ. ತಂಪು ಕನ್ನಡಕ ಇದಕ್ಕೆ ಸಾಲದು, ವೆಲ್ಡಿಂಗ್ ಹೆಲ್ಮೆಟ್ಟೇ ಬೇಕು. ತೆಳು ತಗಡಿನ ಕೆಲಸಕ್ಕೆ ಹೆಲ್ಮೆಟ್ಟಿನ ಗಾಜು 9 ಅಥವಾ 10ನೇ ಶೇಡ್ (ಕಪ್ಪಿನ ಮಟ್ಟ) ಇದ್ದರೆ ಸಾಕಾಗುತ್ತದೆ. ಅದಕ್ಕಿಂತ ಕಪ್ಪಾದರೆ ಕರಗಿದ ಲೋಹದ ಕೊಳವೇ ಕಾಣದೆ ಕುರುಡು ಕೆಲಸವಾಗುತ್ತದೆ. ಮೈತುಂಬ ಹತ್ತಿ ಬಟ್ಟೆ, ಚರ್ಮದ ಕೈಗವಸು, ಮುಚ್ಚಿದ ಬೂಟು ಇರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕೈಗವಸು ಒದ್ದೆಯಾಗಿದ್ದರೆ ಶಾಕ್ ಹೊಡೆಯುವ ಸಂಭವವಿರುವುದರಿಂದ ಅದನ್ನು ಬದಲಾಯಿಸಿಯೇ ಕೆಲಸ ಆರಂಭಿಸಬೇಕು. ಕಿಡಿಗಳು ಹತ್ತು ಮೀಟರಿನಾಚೆಗೂ ಉರುಳಿ ಹೋಗಬಲ್ಲವು. ಸುತ್ತಲಿನ ಕಾಗದ, ಬಟ್ಟೆ, ಮರದ ಹೊಟ್ಟು, ಬಣ್ಣದ ಡಬ್ಬಗಳನ್ನು ತೆಗೆದು, ಕೆಲಸ ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಆ ಜಾಗದ ಮೇಲೆ ಕಣ್ಣಿಟ್ಟಿರಬೇಕು. ಇಂಧನ ತುಂಬಿದ್ದ ಟ್ಯಾಂಕು ಅಥವಾ ಮುಚ್ಚಿದ ಡ್ರಮ್ಮು ಖಾಲಿ ಕಂಡರೂ ಅದನ್ನು ಮುಟ್ಟಲೇಬಾರದು.

ತೆಳು ತಗಡಿಗೇ ವಿಶೇಷವಾಗಿ ಸೇರಿದ ಅಪಾಯ ಸತುವಿನದು. ಮಾರುಕಟ್ಟೆಯಲ್ಲಿ ಸಿಗುವ ತೆಳು ತಗಡಿನಲ್ಲಿ ಬಹಳಷ್ಟು ಜಿ.ಐ., ಅಂದರೆ ಸತು ಲೇಪಿಸಿದ್ದು. ಸತು 907 ಡಿಗ್ರಿಗೇ ಕುದಿಯುತ್ತದೆ. ಉಕ್ಕು ಕರಗುವಷ್ಟರಲ್ಲಿ ಅದು ಆವಿಯಾಗಿ ಬಿಳಿ ಹೊಗೆಯಾಗುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ಬಳಿಕ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಬೆಸುಗೆಯ ಎರಡೂ ಬದಿಗೆ ಕನಿಷ್ಠ 25 ಮಿ.ಮೀ. ಅಗಲಕ್ಕೆ, ಹಿಂಬದಿಯಲ್ಲೂ, ಲೇಪವನ್ನು ಉಜ್ಜಿ ತೆಗೆಯಬೇಕು. ಕೆಲಸವನ್ನು ಗಾಳಿಯಾಡುವಲ್ಲಿ, ಹೊಗೆ ಮುಖದಿಂದಾಚೆ ಹೋಗುವಂತೆ ಕುಳಿತು ಮಾಡಬೇಕು. ಸಾಧ್ಯವಿದ್ದರೆ ಲೋಹದ ಹೊಗೆ ತಡೆಯುವ ಮಾಸ್ಕ್ ಧರಿಸಬೇಕು. ಹಾಗೆಂದು ಫ್ಯಾನನ್ನು ನೇರವಾಗಿ ಬೆಸುಗೆಯ ಮೇಲೆ ತಿರುಗಿಸಿದರೆ ರಕ್ಷಕ ಗ್ಯಾಸೇ ಹಾರಿಹೋಗಿ ಬೆಸುಗೆಯಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಇನ್ನೊಂದು ಮಾತು: ಎಣ್ಣೆ ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಬೇಡಿ. ಅದರ ಪಸೆ ಆರ್ಕಿಗೆ ಸಿಕ್ಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಸಿಟೋನಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ, ಬಟ್ಟೆಯನ್ನೂ ಡಬ್ಬವನ್ನೂ ದೂರವಿಟ್ಟು ಕೆಲಸಕ್ಕೆ ತೊಡಗಿದರೆ ಸಾಕು.

ಇನ್ನು ತಗಡಿನ ಸಿದ್ಧತೆ. ತುಕ್ಕು, ಬಣ್ಣ, ಎಣ್ಣೆ ಇದ್ದ ಜಾಗದಲ್ಲಿ ಆರ್ಕ್ ತಡವರಿಸುತ್ತದೆ, ತಡವರಿಸಿದ ಆರ್ಕನ್ನು ಸರಿಪಡಿಸಲು ಹೊಸಬರು ಅಲ್ಲೇ ನಿಲ್ಲುತ್ತಾರೆ, ನಿಂತಲ್ಲೇ ತೂತು. ಆದ್ದರಿಂದ ಲೋಹ ಹೊಳೆಯುವವರೆಗೆ ತಂತಿ ಬ್ರಷ್ಷಿನಿಂದಲೋ ಫ್ಲ್ಯಾಪ್ ಡಿಸ್ಕಿನಿಂದಲೋ (ಗ್ರೈಂಡರಿಗೆ ಹಾಕುವ ಮರಳುಕಾಗದದ ಪಟ್ಟಿಗಳ ಚಕ್ರ) ಉಜ್ಜಬೇಕು. ಅರ್ಥ್ ಕ್ಲಾಂಪ್ ಹಿಡಿಯುವ ಜಾಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕತ್ತರಿಸಿದ ಅಂಚಿನ ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಿರಿ. ಅವು ಕೈಯನ್ನೂ ಕೊಯ್ಯುತ್ತವೆ, ಆರ್ಕ್ ಸೋಕಿದ ಕೂಡಲೇ ಕರಗಿ ಸಂದನ್ನೂ ಬಿಡುತ್ತವೆ.

ಜೋಡಣೆಯಲ್ಲಿ ಸಂದು ಇರಬಾರದು ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ದಪ್ಪ ಪ್ಲೇಟುಗಳ ನಡುವೆ ಬೇಕೆಂದೇ ಸಂದು ಬಿಡುವ ರೂಢಿಯನ್ನು ಇಲ್ಲಿ ಮರೆಯಬೇಕು. ಸಂದಿನ ಎರಡೂ ಬದಿಯ ಅಂಚು ಒಂಟಿಯಾಗಿ ನಿಂತಿರುವುದರಿಂದ ಶಾಖ ಹರಿಯಲು ದಾರಿಯಿಲ್ಲದೆ ಕ್ಷಣದಲ್ಲಿ ಕರಗಿ ಹಿಂದೆ ಸರಿಯುತ್ತದೆ. ಸಂದು ಅನಿವಾರ್ಯವಾದರೂ ಅದು ತಗಡಿನ ದಪ್ಪದ ಅರ್ಧವನ್ನು ಮೀರಬಾರದು. ಆ ಹೊತ್ತಿನಲ್ಲಿ ಅದನ್ನು ವೆಲ್ಡಿಂಗಿನಿಂದ ತುಂಬಿಸಬಹುದು ಎಂದುಕೊಳ್ಳುವುದಕ್ಕಿಂತ ತಗಡನ್ನೇ ಮತ್ತೊಮ್ಮೆ ಕತ್ತರಿಸಿ ಅರ ಹಾಕಿದರೆ ಸಮಯ ಉಳಿಯುತ್ತದೆ. ವಿನ್ಯಾಸ ನಿಮ್ಮ ಕೈಯಲ್ಲಿದ್ದರೆ ಅಂಚಿಗೆ ಅಂಚು ಕೂಡಿಸುವ ಬದಲು ಒಂದರ ಮೇಲೊಂದು 10 ರಿಂದ 15 ಮಿ.ಮೀ. ಹೊದಿಸಿ ಜೋಡಿಸುವುದು ಬಹಳ ಸುಲಭ. ಅಲ್ಲಿ ಶಾಖಕ್ಕೆ ಎರಡು ತಗಡಿನ ದಪ್ಪ ಸಿಗುತ್ತದೆ.

ತಗಡಿನ ಹಿಂಬದಿಗೆ ಒತ್ತಿ ಹಿಡಿದ ತಾಮ್ರದ ದಪ್ಪ ಪಟ್ಟಿ ಹೊಸಬರಿಗೆ ಸಿಗಬಹುದಾದ ಅತ್ಯುತ್ತಮ ಸಹಾಯಕ. ತಾಮ್ರ ಶಾಖವನ್ನು ಉಕ್ಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಹೀರಿಕೊಳ್ಳುವುದರಿಂದ ಕರಗಿದ ಉಕ್ಕು ಅದಕ್ಕೆ ಅಂಟುವುದಿಲ್ಲ, ಕೆಳಕ್ಕೆ ಜಾರಿ ಬೀಳುವುದೂ ಇಲ್ಲ. ತಾಮ್ರದ ಕೊಳವೆಯ ತುಂಡನ್ನು ಚಪ್ಪಟೆ ಬಡಿದುಕೊಂಡರೂ ಕೆಲಸಕ್ಕೆ ಬರುತ್ತದೆ. ಹಿಡಿಯಲು ಇಕ್ಕಳವೋ ಕ್ಲಾಂಪೋ ಇರಲಿ. ಕೈಯಲ್ಲಿ ಹಿಡಿದರೆ ಅದು ಎಷ್ಟು ಬೇಗ ಬಿಸಿಯಾಗುತ್ತದೆ ಎಂಬುದು ಒಂದೇ ಸಲಕ್ಕೆ ಮನದಟ್ಟಾಗುತ್ತದೆ.

ಮಷೀನಿನ ಸೆಟ್ಟಿಂಗ್

ಉಕ್ಕಿನಲ್ಲಿ ಪ್ರತಿ 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬುದು ಹಳೆಯ ಅಂದಾಜು. 1.2 ಮಿ.ಮೀ. ತಗಡಿಗೆ ಹೀಗೆ 50ರ ಆಸುಪಾಸು ಬರುತ್ತದೆ. ಮಿಗ್ ಮಷೀನಿನಲ್ಲಿ ಕರೆಂಟನ್ನು ನಿರ್ಧರಿಸುವುದು ತಂತಿ ಬರುವ ವೇಗ, 0.8 ತಂತಿಯಲ್ಲಿ ಇಂಥ ತಗಡಿಗೆ 15 ರಿಂದ 17 ವೋಲ್ಟ್ ಇಟ್ಟು, ತಂತಿಯ ವೇಗವನ್ನು ಕಡಿಮೆಯಿಂದ ಶುರುಮಾಡಿ ಮೆಲ್ಲನೆ ಏರಿಸುತ್ತಾ ಹೋಗಬೇಕು. ಗ್ಯಾಸ್ ನಿಮಿಷಕ್ಕೆ 10 ರಿಂದ 12 ಲೀಟರ್ ಇದ್ದರೆ ಸಾಕು. ಮಷೀನಿನ ಬಾಗಿಲಿನ ಒಳಗೆ ಅಂಟಿಸಿರುವ ಪಟ್ಟಿಯನ್ನೂ ನೋಡಿ. ಆದರೆ ಕೊನೆಯ ತೀರ್ಪು ಕಿವಿಯದು. ಸರಿಯಾದ ಸೆಟ್ಟಿಂಗಿನಲ್ಲಿ ಒಂದೇ ಸಮನೆ ಚರಚರ ಸದ್ದು ಬರುತ್ತದೆ. ತಂತಿ ತಗಡಿಗೆ ಒದ್ದು ಟಾರ್ಚನ್ನು ಹಿಂದಕ್ಕೆ ತಳ್ಳಿದರೆ ವೇಗ ಹೆಚ್ಚಾಯಿತು. ತುದಿಯಲ್ಲಿ ಗುಂಡಾಗಿ ಉಬ್ಬಿ ಟಪ್ ಟಪ್ ಎಂದು ಉದುರಿದರೆ ವೇಗ ಕಡಿಮೆಯಾಯಿತು. ಈ ಪರೀಕ್ಷೆಯನ್ನು ಅದೇ ದಪ್ಪದ ರದ್ದಿ ತುಂಡಿನ ಮೇಲೆ ಮಾಡಬೇಕೇ ಹೊರತು ನಿಜವಾದ ಕೆಲಸದ ಮೇಲಲ್ಲ.

ಇಲ್ಲೊಂದು ಎಚ್ಚರಿಕೆ. ತೂತಿನ ಹೆದರಿಕೆಗೆ ಕರೆಂಟನ್ನು ತೀರಾ ತಗ್ಗಿಸಿದರೆ ಬೆಸುಗೆ ತಗಡಿನ ಮೇಲೆ ಹುಳುವಿನಂತೆ ಕುಳಿತಿರುತ್ತದೆ, ಒಳಗೆ ಬೆರೆತಿರುವುದಿಲ್ಲ. ನೋಡಲು ತೂತಿಲ್ಲದ ಒಳ್ಳೆಯ ಕೆಲಸ. ಉಳಿಯಿಟ್ಟು ಒಂದೇಟು ಹೊಡೆದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ತೂತು ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಹಾಗಾಗಿ ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಕೆಟ್ಟ ತಪ್ಪು.

ಟ್ಯಾಕ್ ಮತ್ತು ಚುಕ್ಕೆ

ತೆಳು ತಗಡಿನಲ್ಲಿ ಉದ್ದ ಸಾಲು ಎಳೆಯುವ ಆಸೆಯನ್ನು ಬಿಡಬೇಕು. ಇಲ್ಲಿ ಬೆಸುಗೆ ಎಂದರೆ ಒಂದರ ಪಕ್ಕ ಒಂದರಂತೆ ಇಟ್ಟ ಚುಕ್ಕೆಗಳ ಮಾಲೆ. ಮೊದಲು ಜೋಡಣೆಯ ಎರಡು ತುದಿಗೆ ಒಂದೊಂದು ಟ್ಯಾಕ್, ಆಮೇಲೆ ನಟ್ಟನಡುವೆ ಒಂದು, ಮತ್ತೆ ಉಳಿದ ಅರ್ಧಗಳ ನಡುವೆ ಒಂದೊಂದು, ಹೀಗೆ 25 ರಿಂದ 30 ಮಿ.ಮೀ.ಗೆ ಒಂದು ಟ್ಯಾಕ್ ಬರುವವರೆಗೆ ಹಾಕುತ್ತಾ ಹೋಗಬೇಕು. ಪ್ರತಿ ಟ್ಯಾಕ್ ಆದ ಮೇಲೆ ಎರಡೂ ತಗಡು ಒಂದೇ ಮಟ್ಟದಲ್ಲಿವೆಯೇ ಎಂದು ಬೆರಳಿನಿಂದಲ್ಲ, ಕಣ್ಣಿನಿಂದ ನೋಡಿ, ಏರುಪೇರಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಪಡಿಸಬೇಕು. ಎಡದಿಂದ ಬಲಕ್ಕೆ ಸರತಿಯಂತೆ ಟ್ಯಾಕ್ ಹಾಕಿದರೆ ಬಲತುದಿಯಲ್ಲಿ ಸಂದು ಬಿಚ್ಚಿಕೊಳ್ಳುವುದೋ ತಗಡು ಒಂದರ ಮೇಲೊಂದು ಏರುವುದೋ ಆಗುತ್ತದೆ.

ನಂತರ ಚುಕ್ಕೆಗಳು. ತಂತಿಯ ತುದಿಯನ್ನು ಸಂದಿನ ನೇರಕ್ಕೆ ಇಟ್ಟು, ನಳಿಕೆಯಿಂದ ಹೊರಗೆ ಚಾಚಿದ ತಂತಿ 8 ರಿಂದ 10 ಮಿ.ಮೀ. ಮೀರದಂತೆ ನೋಡಿಕೊಂಡು, ಟ್ರಿಗರನ್ನು ಅರ್ಧದಿಂದ ಒಂದು ಸೆಕೆಂಡು ಒತ್ತಿ ಬಿಡಬೇಕು. ಕೊಳ ಹರಡಿ ಎರಡೂ ಅಂಚನ್ನು ಹಿಡಿದದ್ದು ಕಂಡ ಕೂಡಲೇ ಬೆರಳು ಸಡಿಲವಾಗಬೇಕು. ಹೆಲ್ಮೆಟ್ ಎತ್ತದೆ ಅಲ್ಲೇ ನೋಡುತ್ತಿದ್ದರೆ ಚುಕ್ಕೆ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಕೆಂಪಿಗೆ ಇಳಿದು ಮಾಸುವುದು ಕಾಣಿಸುತ್ತದೆ. ಕೆಂಪು ಮಾಸಿದ ಮೇಲೆ ಮುಂದಿನ ಚುಕ್ಕೆಯನ್ನು ಹಿಂದಿನದರ ಅಂಚಿನ ಮೇಲೆ, ಸುಮಾರು ಮೂರನೇ ಒಂದು ಭಾಗ ಹೊದೆಯುವಂತೆ ಇಡಬೇಕು. ಹಿಂದಿನ ಚುಕ್ಕೆಯ ದಪ್ಪ ಲೋಹ ಹೊಸ ಶಾಖವನ್ನು ತಾಳಿಕೊಳ್ಳುತ್ತದೆ. ಬರಿಯ ತಗಡಿನ ಮೇಲೆ ಆರ್ಕ್ ಹೊತ್ತಿಸುವುದಕ್ಕಿಂತ ಇದು ಕ್ಷೇಮ. ಘನ ತಂತಿಯಲ್ಲಿ ಟಾರ್ಚನ್ನು 10-15 ಡಿಗ್ರಿ ಓರೆ ಹಿಡಿದು ಮುಂದಕ್ಕೆ ತಳ್ಳುವಂತೆ ಸಾಗಿದರೆ ಶಾಖ ಕಡಿಮೆ ಇಳಿಯುತ್ತದೆ. ಸ್ಲ್ಯಾಗ್ ಬರುವ ತಂತಿ ಅಥವಾ ರಾಡಿನಲ್ಲಿ ಮಾತ್ರ ಹಿಂದಕ್ಕೆ ಎಳೆಯಬೇಕು.

ನಾಲ್ಕೈದು ಚುಕ್ಕೆಗಳಾದ ಮೇಲೆ ಆ ಜಾಗ ಬಿಟ್ಟು ಜೋಡಣೆಯ ಇನ್ನೊಂದು ತುದಿಗೆ ಹೋಗಬೇಕು. ಇದು ಸೊಟ್ಟಗಾಗುವುದನ್ನು ತಡೆಯುವ ಉಪಾಯ. ಒಂದು ಮೀಟರ್ ಉದ್ದದ ಉಕ್ಕಿಗೆ 100 ಡಿಗ್ರಿ ಶಾಖ ಏರಿದರೆ ಅದು ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಬಳಿಯ ಬಿಸಿ ಲೋಹ ಹಿಗ್ಗಲು ಹೊರಟಾಗ ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ; ಮೆತ್ತಗಾದ ಲೋಹ ಇದ್ದಲ್ಲೇ ಹಿಚುಕಿಕೊಳ್ಳುತ್ತದೆ. ತಣಿಯುವಾಗ ಅದೇ ಲೋಹ ಮೊದಲಿಗಿಂತ ಕುಗ್ಗಿ, ಅಕ್ಕಪಕ್ಕದ ತಗಡನ್ನು ಎಳೆದು ಉಬ್ಬುತಗ್ಗು ಮಾಡುತ್ತದೆ. ಶಾಖ ಒಂದೇ ಕಡೆ ಕೂಡಿಕೊಂಡಷ್ಟೂ ಈ ಎಳೆತ ಜೋರು. ಸುತ್ತಲಿನ ತಗಡನ್ನು ಬರಿಗೈಯಲ್ಲಿ ಮುಟ್ಟುವಷ್ಟು ತಣಿಯುವವರೆಗೆ ಕಾಯುವುದೇ ಉತ್ತಮ. ಅವಸರಕ್ಕೆ ನೀರು ಸುರಿಯುವುದು ಬೇಡ. ಒದ್ದೆ ನೆಲ, ಒದ್ದೆ ಕೈಗವಸು, ವಿದ್ಯುತ್ತು ಈ ಮೂರು ಒಂದೆಡೆ ಸೇರಬಾರದು.

ಇಷ್ಟಾಗಿಯೂ ತೂತು ಬೀಳುತ್ತದೆ. ಬಿದ್ದಾಗ ಮೊದಲು ಮಾಡಬೇಕಾದದ್ದು ನಿಲ್ಲಿಸುವುದು. ಪೂರ್ತಿ ತಣಿದ ಮೇಲೆ ಹಿಂಬದಿಗೆ ತಾಮ್ರ ಕೊಟ್ಟು, ತೂತಿನ ನಡುವಿಗಲ್ಲ, ಅದರ ಅಂಚಿನ ಗಟ್ಟಿ ಲೋಹದ ಮೇಲೆ ಒಂದು ಚುಕ್ಕೆ ಇಟ್ಟು ಕಾಯಬೇಕು. ಎದುರು ಅಂಚಿಗೆ ಇನ್ನೊಂದು ಇಟ್ಟು ಮತ್ತೆ ಕಾಯಬೇಕು. ಹೀಗೆ ಸುತ್ತಿನಿಂದ ಒಳಕ್ಕೆ ಬಂದರೆ ತೂತು ಮುಚ್ಚುತ್ತದೆ. ಸಾಧ್ಯವಿದ್ದಾಗ ಜೋಡಣೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಕೆಳಕ್ಕೆ ಬೆಸೆಯುವುದೂ ಒಂದು ದಾರಿ, ಏಕೆಂದರೆ ಆ ದಿಕ್ಕಿನಲ್ಲಿ ಕೈ ಬೇಗ ಸಾಗುತ್ತದೆ ಮತ್ತು ಬೆಸುಗೆ ಆಳಕ್ಕೆ ಇಳಿಯುವುದಿಲ್ಲ.

ಪರೀಕ್ಷೆ ಮತ್ತು ಅಂತಿಮ ಕೆಲಸ

ಅಭ್ಯಾಸದ ತುಂಡುಗಳನ್ನು ಮುರಿದು ನೋಡದೆ ಎಸೆಯಬಾರದು. ಮೊದಲು ಹಿಂಬದಿ ನೋಡಿ: ಬೆಸುಗೆಯ ನೇರಕ್ಕೆ ಸಣ್ಣ ಉಬ್ಬು ಒಂದೇ ಸಮನೆ ಸಾಗಿದ್ದರೆ ಲೋಹ ಪೂರ್ತಿ ಬೆರೆತಿದೆ, ಬರಿಯ ನೀಲಿ ಬಣ್ಣದ ಪಟ್ಟೆಯಷ್ಟೇ ಇದ್ದರೆ ಶಾಖ ತಲುಪಿದೆ, ಲೋಹ ಕರಗಿಲ್ಲ. ಬಳಿಕ ಒಂದು ತಗಡನ್ನು ವೈಸಿನಲ್ಲಿ ಬಿಗಿದು ಇನ್ನೊಂದನ್ನು ಸುತ್ತಿಗೆಯಿಂದ ಹಿಂದೆ ಮುಂದೆ ಬಗ್ಗಿಸಿ. ಬೆಸುಗೆಯ ಪಕ್ಕದ ತಗಡು ಹರಿದರೆ ಕೆಲಸ ಗಟ್ಟಿ; ಬೆಸುಗೆಯೇ ಬಿಟ್ಟುಕೊಂಡರೆ ಕರೆಂಟು ಅಥವಾ ಸಮಯ ಸಾಲಲಿಲ್ಲ ಎಂದರ್ಥ. ಹೊದಿಕೆಯ ಜೋಡಣೆ ಐದಾರು ಸಲ ಈ ಪರೀಕ್ಷೆಯಲ್ಲಿ ಗೆದ್ದ ಮೇಲೆ ಹೊರಮೂಲೆಯ ಜೋಡಣೆಗೆ, ಅದಾದ ಮೇಲೆ ಅಂಚಿಗಂಚು ಜೋಡಣೆಗೆ ಹೋಗುವುದು ಸರಿಯಾದ ಕ್ರಮ. ಭಾರ ಹೊರುವ ಅಥವಾ ಜೀವರಕ್ಷಣೆಗೆ ಸೇರಿದ ಭಾಗಗಳನ್ನು ಈ ಹಂತದಲ್ಲಿ ನುರಿತವರಿಗೇ ಬಿಡಬೇಕು.

ಬೆಸುಗೆಯನ್ನು ಗ್ರೈಂಡರಿನಿಂದ ಮಟ್ಟ ಮಾಡುವಾಗ ಎಷ್ಟೋ ಒಳ್ಳೆಯ ಕೆಲಸ ಹಾಳಾಗುತ್ತದೆ. ದಪ್ಪ ಗ್ರೈಂಡಿಂಗ್ ಕಲ್ಲು ಬೆಸುಗೆಯ ಜೊತೆಗೆ ಪಕ್ಕದ ತಗಡನ್ನೂ ತಿಂದು ಕಾಗದದಷ್ಟು ತೆಳುವಾಗಿಸುತ್ತದೆ. ಅದರ ಶಾಖಕ್ಕೇ ತಗಡು ಮತ್ತೆ ಸೊಟ್ಟಗಾಗುವುದೂ ಉಂಟು. 60 ಅಥವಾ 80 ಗ್ರಿಟ್‌ನ ಫ್ಲ್ಯಾಪ್ ಡಿಸ್ಕನ್ನು ಬೆಸುಗೆಯ ಉಬ್ಬಿಗೆ ಮಾತ್ರ ತಾಗಿಸಿ, ಒಂದೆರಡು ಸೆಕೆಂಡು ಉಜ್ಜಿ ಕೈ ಎತ್ತಿ, ಇನ್ನೊಂದು ಕಡೆಗೆ ಸರಿಯಬೇಕು. ಉಬ್ಬು ಕೂದಲೆಳೆಯಷ್ಟು ಉಳಿದಿರುವಾಗಲೇ ನಿಲ್ಲಿಸಿ. ಸತು ಸುಟ್ಟುಹೋದ ಜಾಗದಲ್ಲಿ ಉಕ್ಕು ಬೆತ್ತಲೆಯಾಗಿರುವುದರಿಂದ ಅದೇ ದಿನ ಒರೆಸಿ ಸತುವಿರುವ ಪ್ರೈಮರ್ ಬಳಿಯಬೇಕು. ಮುಂದಿನ ಮೈಗೆ ಬಣ್ಣ ಹಚ್ಚಿ ಹಿಂಬದಿಯನ್ನು ಮರೆಯುವವರೇ ಹೆಚ್ಚು. ತುಕ್ಕು ಹಿಡಿಯುವುದು ಅಲ್ಲಿಂದ, ಅದರಲ್ಲೂ ಹೊದಿಕೆಯ ಜೋಡಣೆಯ ಒಳಸಂದಿಯಿಂದ. ಅಲ್ಲಿಗೆ ಸೀಲಂಟ್ ತುಂಬಿದ ಮೇಲೆಯೇ ತಗಡನ್ನು ಅದರ ಜಾಗಕ್ಕೆ ಕೂರಿಸಿ.